ಬಾವಿ ಬೈರಮ್ಮನ ಕೈಯಳತೆ

"ಮುಷ್ಟಿ ಬಿಗಿ ಹಿಡೀಬೇಡಮ್ಮಾ. ಕೈ ನಿಂದಲ್ಲ, ನಂದು ಅಂತ ಬಿಟ್ಬಿಡು."

ಎಂಬತ್ತು ವರ್ಷದ ಅನೀಸಾ, ಬಿಂದುಶ್ರೀಯ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿ, ಗೆಣ್ಣುಗಳನ್ನು ಒಂದುಗೂಡಿಸಿ ಒತ್ತಿದರು. ಅವರ ಕಣ್ಣಿಗೆ ಪೊರೆ ಬಂದು ಬಹಳ ವರ್ಷವಾಗಿತ್ತು. ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಕೈ ಮಾತ್ರ ಸಾಕಾಗಿತ್ತು.

"ಎರಡು ಕಾಲು ಇಂಚಿನ ಬಳೆಗೆ ಒಂದು ನೂಲು ಜಾಸ್ತಿ," ಎಂದರು. "ಎಡಗೈ ಸ್ವಲ್ಪ ಸಣ್ಣ ಇರ್ತದೆ. ಅಲ್ವಾ?"

ಬಿಂದುಶ್ರೀ ಹೌದೆಂದಳು. ಆರ್.ಟಿ. ನಗರದ ಎರಡನೇ ಮಹಡಿಯ ಆ ಮನೆಯಲ್ಲಿ ಬೆಳಗಿನ ಬಿಸಿಲು ಒಣಹಾಕಿದ ಬಟ್ಟೆಗಳ ಸಂದಿಯಿಂದ ಒಳಗೆ ಬೀಳುತ್ತಿತ್ತು. ಮೊಮ್ಮಗಳು ಸಬಾ ಚಹಾ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೋಗಿದ್ದಳು.

"ಈಗ ಹೇಳಿ ಅನೀಸಮ್ಮಾ. ಬೈರಮ್ಮನ ಕೈಯಳತೆ ಎಷ್ಟಿತ್ತು?"

"ಎರಡು ಕಾಲು. ಸೋಪು ಬೇಡ, ಎಣ್ಣೆ ಬೇಡ. ಸರಕ್ ಅಂತ ಹೋಗ್ತಿತ್ತು. ಮಗು ಹೆತ್ತ ಮೇಲೂ ಆ ಕೈ ದಪ್ಪ ಆಗ್ಲಿಲ್ಲ. ಅವಳಿಗೂ ನಂಗೂ ಒಂದೇ ವಯಸ್ಸು, ಹತ್ತೊಂಬತ್ತು. ಅಮ್ಮೀ ಜೊತೆ ನಾನೂ ಬಳೆ ಮಲಾರ ಹೊತ್ಕೊಂಡು ಸಂತೆ ದಿನ ಯಲಹಂಕಕ್ಕೆ ಹೋಗ್ತಿದ್ದೆ."

"ಬಾವಿಯಿಂದ ತೆಗೆದ ಹೆಣದ ಕೈ?"

ಅನೀಸಾ ಹಿಡಿದಿದ್ದ ಕೈ ಬಿಟ್ಟರು.

"ಮುತ್ತೈದೆ ಸತ್ತರೆ ಹಸಿರು ಬಳೆ ತೊಡ್ಸಿ ಕಳಿಸೋದು ಅವ್ರ ಪದ್ಧತಿ. ಅಮ್ಮೀನ ಕರೆಸಿದ್ರು. ಮುಖಕ್ಕೆ ಬಟ್ಟೆ ಸುತ್ತಿದ್ರು, ಮೂರು ದಿನ ನೀರಲ್ಲಿತ್ತಲ್ಲ, ನೋಡೋ ಹಾಗಿಲ್ಲ ಅಂದ್ರು. ಅಮ್ಮೀ ಎರಡು ಕಾಲಿನ ಬಳೆ ತೆಗೆದ್ಲು. ಹತ್ತಲಿಲ್ಲ. ನೀರಿಗೆ ಊದಿರ್ಬೇಕು ಅಂತ ಎಲ್ಲ ಸುಮ್ನಾದ್ರು. ಊದೋದು ಮಾಂಸ ಕಣಮ್ಮಾ. ಮೂಳೆ ಊದ್ತದಾ?"

"ಮೂಳೆಗೆ ಏನಾಗಿತ್ತು?"

"ಬಲಗೈ ಹೆಬ್ಬೆರಳ ಬುಡ. ಯಾವಾಗ್ಲೋ ಮುರ್ದು, ತಾನಾಗೇ ಕೂಡ್ಕೊಂಡು, ಗಂಟು ಕಟ್ಟಿತ್ತು. ಅಂಗೈ ಮುಟ್ಟಿದ್ರೆ ಕಲ್ಲು. ಮನೇಲಿರೋ ಹೆಣ್ಣಿನ ಕೈ ಅಲ್ಲ ಅದು. ಎರಡೂವರೆ ಬಳೆ ಹತ್ತಿತು. ಅಮ್ಮೀ ನನ್ನ ಮುಖ ನೋಡಿದ್ಲು, ನಾನು ಅಮ್ಮೀ ಮುಖ ನೋಡಿದೆ. ಅವನು ನಮ್ಮಿಬ್ಬರನ್ನೂ ನೋಡಿದ."

"ಅಶ್ವತ್ಥಪ್ಪ?"

"ಅವನೇ. ಬೈರಮ್ಮನ ಗಂಡ. ಹತ್ರ ಬಂದು, 'ಎರಡು ಕಾಲು ಅಲ್ವಾ ಬೀಬಿ?' ಅಂದ. ಅಮ್ಮೀ ಹೌದು ಅಂದ್ಲು. ಅಷ್ಟಕ್ಕೇ ಬಿಡಲಿಲ್ಲ. ಮಲಾರದಿಂದ ಕೂಸಿನ ಬಳೆ ಒಂದು ತೆಗೆದು, ನನ್ನ ಕೈ ಹಿಡ್ಕೊಂಡು ತೂರಿಸೋಕೆ ಶುರು ಮಾಡ್ದ. ನಿಧಾನಕ್ಕೆ. ಬಳೆ ಒಡೀತು, ಆದ್ರೂ ಒತ್ತುತಾನೇ ಇದ್ದ. ನಗ್ತಾ ಇದ್ದ ಕಣಮ್ಮಾ. ಸುತ್ತ ಹತ್ತು ಜನ ನಿಂತಿದ್ರು. ಯಾರೂ ಏನೂ ಅನ್ಲಿಲ್ಲ."

ಅವರು ಎಡಗೈಯನ್ನು ತಿರುಗಿಸಿ ತೋರಿಸಿದರು. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ, ಸುಕ್ಕುಗಳ ನಡುವೆ, ಸುಕ್ಕಲ್ಲದ ಬಿಳಿಯ ಗೆರೆಗಳಿದ್ದವು.

ಬಿಂದುಶ್ರೀ ಆ ಕೈಯ ಫೋಟೊ ತೆಗೆದುಕೊಂಡಳು.

ಯಲಹಂಕ ಪೇಟೆಯ ಬೇಕರಿಯೊಂದರ ಮೇಲೆ ಅವಳದು ಒಂದೇ ಕೋಣೆಯ ಕಚೇರಿ. ಹದಿನೈದು ವರ್ಷ ತಾಲ್ಲೂಕು ದಾಖಲೆ ಕೋಣೆಯಲ್ಲಿ ಧೂಳು ಕುಡಿದು, ಕೆಲಸ ಬಿಟ್ಟು ಹಾಕಿದ ಬೋರ್ಡು: ವಂಶವೃಕ್ಷ, ಹಳೇ ದಾಖಲೆ, ಖಾಸಗಿ ವಿಚಾರಣೆ. ಮೂರು ವಾರದ ಹಿಂದೆ ಅಲ್ಲಿಗೆ ಬಂದವಳು ರಕ್ಷಾ. ಗದಗಿನ ಹುಡುಗಿ, ಇಲ್ಲೇ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾಳೆ.

ರಕ್ಷಾಳ ಅಜ್ಜಿ ರತ್ನಕ್ಕ ಅರವತ್ತು ವರ್ಷ ಗದಗಿನ ಮಾತನ್ನೇ ಆಡಿದವಳು. ಹೋದ ವರ್ಷ ಸಾಯುವ ಮುಂಚಿನ ಹನ್ನೊಂದು ದಿನ ಮಾತ್ರ ಮನೆಯಲ್ಲಿ ಯಾರೂ ಕೇಳಿರದ ಇನ್ನೊಂದು ಸೀಮೆಯ ಕನ್ನಡ ಅವಳ ಬಾಯಲ್ಲಿ ಬಂತು. "ಮಗೀನ ಕೊಡು, ನಾನ್ ಓಗ್ತೀನಿ. ಮಗೀನ ಕೊಟ್ಬುಡು." ಇಷ್ಟೇ, ಮತ್ತೆ ಮತ್ತೆ. ಅವಳ ಪೆಟ್ಟಿಗೆಯ ತಳದಲ್ಲಿ ಯಲಹಂಕದ ಮೊಹರಿದ್ದ ಒಂದು ಅಂಚೆ ಕಾರ್ಡು ಸಿಕ್ಕಿತು. ಸಾವಿರದ ಒಂಬೈನೂರ ಅರವತ್ತೇಳನೇ ಇಸವಿಯದು. ಸಹಿ ಇರಲಿಲ್ಲ.

'ಮಗು ತೀರಿಕೊಂಡಿದೆ. ಇನ್ನು ಬರೆಯಬೇಡ.'

ರಕ್ಷಾಳ ಅಜ್ಜ ಮುರಿಗೆಪ್ಪ ಆ ಕಾಲದಲ್ಲಿ ಯಶವಂತಪುರದ ಗೂಡ್ಸ್ ಯಾರ್ಡಿನಲ್ಲಿ ಕೆಲಸಕ್ಕಿದ್ದ. ಹಳಿಯ ಪಕ್ಕ ಕೂತಿದ್ದ ಹೆಣ್ಣನ್ನು ಕರೆದುಕೊಂಡು ಊರಿಗೆ ಹೋದ, ಹೆಸರು ಬದಲಾಯಿಸಿ ಮದುವೆಯಾದ. ಎಲ್ಲಿಯವಳು ಎಂದು ಯಾರಿಗೂ ಹೇಳಲಿಲ್ಲ. ಮಗಳು ದೊಡ್ಡವಳಾದ ಮೇಲೆ ಒಮ್ಮೆ ಮಾತ್ರ ಹೇಳಿದ್ದ: ನಿಮ್ಮವ್ವ ಸಿಕ್ಕಾಗ ಕಿವಿಯ ಹಾಲೆ ಹರಿದಿತ್ತು, ಕುಪ್ಪಸ ಹಾಲಿನಿಂದ ತೊಯ್ದಿತ್ತು.

ಆ ದಾರಿ ಹಿಡಿದೇ ಬಿಂದುಶ್ರೀ ಆಗಿನ ಯಲಹಂಕವನ್ನು ಮನೆಮನೆಯಾಗಿ ಹುಡುಕಿದ್ದಳು. ಸಂತೆ, ರೈಲ್ವೆ ಸ್ಟೇಷನ್ನು, ನಾಲ್ಕು ಬೀದಿ, ಸುತ್ತ ದ್ರಾಕ್ಷಿ ತೋಟ. ಅಷ್ಟೇ ಇದ್ದ ಊರು. ಪಟೇಲರು ಬರೆದಿಟ್ಟ ಮರಣದ ಪುಸ್ತಕದಲ್ಲಿ ಅರವತ್ನಾಲ್ಕನೇ ಇಸವಿಗೆ ಒಂದು ಸಾಲು ಸಿಕ್ಕಿತ್ತು. ಬೈರಮ್ಮ, ಗಂಡ ಅಶ್ವತ್ಥಪ್ಪ, ವಯಸ್ಸು ಹತ್ತೊಂಬತ್ತು, ಕಾಲುಜಾರಿ ಬಾವಿಗೆ ಬಿದ್ದು. ಹೆಣವನ್ನು ಸುಡದೆ ಬಾವಿಯ ಪಕ್ಕದಲ್ಲೇ ಹೂಳಲಾಗಿತ್ತು. ಮೇಲೆ ಗುಡಿ ಎದ್ದಿತ್ತು. ಆ ಬೀದಿಯ ಹೆಂಗಸರು ಇವತ್ತಿಗೂ ಮಂಗಳವಾರ ಮಂಗಳವಾರ ಬಂದು ಬಾವಿ ಬೈರಮ್ಮನಿಗೆ ಹರಕೆ ಕಟ್ಟುತ್ತಾರೆ.

ಗುಡಿಯ ಗೋಡೆಗೆ ತೂಗುಹಾಕಿದ್ದ ಮದುವೆ ಫೋಟೊದ ಹೆಣ್ಣೂ ಗದಗಿನ ಸ್ಟುಡಿಯೊ ಫೋಟೊದ ರತ್ನಕ್ಕನೂ ಒಬ್ಬಳೇ. ಅದರಲ್ಲಿ ಬಿಂದುಶ್ರೀಗೆ ಅನುಮಾನ ಉಳಿದಿರಲಿಲ್ಲ.

ಹಾಗಾದರೆ ಗುಡಿಯ ಕೆಳಗೆ ಮಲಗಿದವಳು ಯಾರು?

ಆ ವರ್ಷ ಸುತ್ತಿನ ಹಳ್ಳಿಗಳಲ್ಲಿ ಹೆಂಗಸೊಬ್ಬಳು ಕಾಣೆಯಾದ ದೂರು ಎಲ್ಲೂ ಇರಲಿಲ್ಲ. ಕೊಡಿಗೇಹಳ್ಳಿ, ಸಿಂಗಾಪುರದವರೆಗೂ ಕೇಳಿಸಿದ್ದಾಯಿತು. ಕಾಣೆಯಾದರೂ ಹುಡುಕುವವರಿಲ್ಲದ ಹೆಣ್ಣು. ಹೆಬ್ಬೆರಳು ಮುರಿದು ತಾನಾಗಿ ಕೂಡಿಕೊಂಡ, ಕಲ್ಲಿನಂಥ ಅಂಗೈಯ ಹೆಣ್ಣು. ಅಷ್ಟು ಮಾತ್ರ ಕೈಗೆ ಸಿಕ್ಕಿತ್ತು.

ಉಳಿದಿದ್ದದ್ದು ಇನ್ನೆರಡು ದಿನ. ಗುಡಿ, ಬಾವಿಯ ಜಾಗವೂ ಸೇರಿ ಅಶ್ವತ್ಥಪ್ಪನ ಇಡೀ ಹಿತ್ತಲು ಅಪಾರ್ಟ್‌ಮೆಂಟಿಗೆ ಹೋಗಿತ್ತು. ಪಿಲ್ಲರ್ ಗುಂಡಿಗಳನ್ನು ಆಗಲೇ ತೋಡಿದ್ದರು. ಸೋಮವಾರ ಕಾಂಕ್ರೀಟ್ ಲಾರಿ ಬರುತ್ತದೆ. ಪೊಲೀಸರ ಮುಂದೆ ಇಡಲು ಬಿಂದುಶ್ರೀಯ ಹತ್ತಿರ ಕಣ್ಣು ಕಾಣದ ಮುದುಕಿಯೊಬ್ಬಳ ಬೆರಳ ನೆನಪು ಬಿಟ್ಟು ಏನೂ ಇರಲಿಲ್ಲ.

ಮಧ್ಯಾಹ್ನ ಹೆಬ್ಬಾಳದ ಫ್ಲೈಓವರ್ ದಾಟುವಾಗ ರಕ್ಷಾ ಆಟೊದಲ್ಲಿ ಪಕ್ಕಕ್ಕೇ ಕೂತಿದ್ದಳು.

"ನೀನು ಗೇಟಿನ ಹೊರಗೇ ಇರ್ಬೇಕು," ಎಂದಳು ಬಿಂದುಶ್ರೀ. "ನಾನು ಕರೆಯೋವರೆಗೂ ಒಳಗೆ ಬರ್ಬೇಡ. ಅಶ್ವತ್ಥಪ್ಪನ ಮಗನಿಗೆ ಒಂದು ಮಾತೂ ಹೇಳ್ಬೇಡ."

"ಮಗ ಅಂತೀರಲ್ರೀ. ಅಂವ ನಮ್ಮವ್ವನ ಅಣ್ಣ. ನನ್ನ ಮಾಮಾ." ರಕ್ಷಾಳ ಕೈಯಲ್ಲಿ ಅಜ್ಜಿಯ ಫೋಟೊ ಇತ್ತು. "ಆಯಿ ಅರವತ್ತು ವರ್ಷ ಆ ಕೂಸು ಸತ್ತೈತಿ ಅಂತ ಅತ್ತಾಳ್ರೀ. ಇಂವ ಇಲ್ಲಿ ಆಕಿ ಸತ್ತಾಳಂತ ದೀಪಾ ಹಚ್ಚಾನ. ಇನ್ನೂ ಮುಚ್ಚಿಡೂದೇನೈತಿ?"

"ಎರಡು ದಿನ ತಡಿ. ಅಷ್ಟೇ."

ರಕ್ಷಾ ಫೋಟೊದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು.

*

ಹಿತ್ತಲಿನ ಹೊಂಗೆ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಶ್ವತ್ಥಪ್ಪ ಕೂತಿದ್ದ. ಎಂಬತ್ತಾರು ವರ್ಷ. ಬಿಳಿ ಬನಿಯನ್ನು, ಬಿಳಿ ಪಂಚೆ, ನೆಟ್ಟಗಿನ ಬೆನ್ನು. ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಅರವತ್ತೊಂದು ವರ್ಷದ ಮಗ ಬೈರಣ್ಣ ನೆಲದ ಮೇಲೆ ಕೂತು ಉಗುರು ಕತ್ತರಿಸುತ್ತಿದ್ದ.

ಬೈರಣ್ಣ ಮದುವೆಯಾಗಿರಲಿಲ್ಲ. ದೇವರಾದ ತಾಯಿಯ ಪೂಜೆ ಮಾಡುವವನಿಗೆ ಸಂಸಾರ ಕೂಡದೆಂದು ಅಪ್ಪ ಹೇಳಿದ್ದ. ಗುಡಿಯ ಜಗಲಿಯಲ್ಲೇ ಮಲಗುತ್ತಿದ್ದ. ಬಿಂದುಶ್ರೀ ಮೊದಲ ಸಲ ಬಂದಾಗ ಅವಳ ಕೈಗೆ ಕುಂಕುಮ ಕೊಟ್ಟು, "ಅವ್ವ ಓದಾಗ ನಂಗೆ ಆರು ತಿಂಗ್ಳು ಮೇಡಂ. ಮುಖ ನೆನಪಿಲ್ಲ," ಎಂದು, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ್ದ.

ಗುಡಿಯ ಮೂರು ಕಡೆ ಆಳೆತ್ತರದ ಗುಂಡಿ ತೋಡಿದ್ದರು. ಉಳಿದ ಮಣ್ಣಿನ ದಿಬ್ಬದ ಮೇಲೆ ಗುಡಿ ಒಂಟಿಯಾಗಿ ನಿಂತಿತ್ತು. ಪಕ್ಕದಲ್ಲಿ ಹಾರೆ, ಸಲಿಕೆ ಬಿದ್ದಿದ್ದವು. ಕೆಲಸದವರಿಗೆ ಅವತ್ತು ರಜೆ.

ಬಿಂದುಶ್ರೀ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಬ್ಯಾಗಿನ ಹೊರಜೇಬಿನಲ್ಲಿಟ್ಟಳು.

"ಯಜಮಾನ್ರೇ, ನಿಮ್ಮ ಹತ್ರ ಒಬ್ರೇ ಇದ್ದಾಗ ಮಾತಾಡ್ಬೇಕು."

"ಅವ್ನು ಇಲ್ಲೇ ಇರ್ತಾನೆ," ಎಂದ ಅಶ್ವತ್ಥಪ್ಪ. "ಏನ್ ಏಳ್ಬೇಕೋ ಅವ್ನ ಮುಂದೇ ಏಳಮ್ಮ."

"ಅವರಿಗೆ ಬೇಜಾರಾಗೋ ವಿಷಯ."

"ಅದ್ಕೇ ಅಂದಿದ್ದು. ಏಳು."

ಬೈರಣ್ಣ ಕತ್ತರಿ ನಿಲ್ಲಿಸಿ ಇಬ್ಬರನ್ನೂ ನೋಡಿದ.

ಬಿಂದುಶ್ರೀ ಅಂಚೆ ಕಾರ್ಡನ್ನು ಮುದುಕನ ಕೈಗೆ ಕೊಟ್ಟಳು. ಅವನು ಅದನ್ನು ದೂರ ಹಿಡಿದು ಓದಿದ. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ನಂದೇ ಅಕ್ಷರ. ಆಗ ಚೆನ್ನಾಗ್ ಬರೀತಿದ್ದೆ."

ಅವನು ಇಲ್ಲವೆನ್ನುತ್ತಾನೆ, ಸಿಟ್ಟಾಗುತ್ತಾನೆ, ಓಡಿಸುತ್ತಾನೆ ಎಂದುಕೊಂಡು ಅವಳು ಮಾತು ಕಟ್ಟಿಕೊಂಡು ಬಂದಿದ್ದಳು. ಒಂದೂ ಬೇಕಾಗಲಿಲ್ಲ.

"ಯಾರಿಗೆ ಬರೆದದ್ದು?"

"ನನ್ನ ಎಂಡ್ತಿಗೆ."

"ಅಪ್ಪಯ್ಯ?" ಎಂದ ಬೈರಣ್ಣ.

"ನೀನ್ ಉಗ್ರು ತೆಗಿ." ಅಶ್ವತ್ಥಪ್ಪ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡ. "ಎದುರು ಮಾತಾಡಿದ್ಲು. ಕಿವೀಲಿದ್ದ ಓಲೆ ಕಿತ್ಕೊಂಡೆ, ಮಗೀನೂ ಕಿತ್ಕೊಂಡೆ. ಬಾಗ್ಲು ಆಚೆಗ್ ಆಕ್ದೆ. ಕಾಲ್ ಇಡ್ಕೊಂಡು ಒಳಕ್ಕೆ ಬತ್ತಾಳೆ ಅಂದ್ಕೊಂಡ್ರೆ ರೈಲ್ ಅಳಿ ಇಡ್ದು ಓಗೇಬುಟ್ಲು. ಮೂರು ವರ್ಷ ಆದ್ಮೇಲೆ ಗದಗಿನಿಂದ ಕಾಗ್ದ. ಮಗ ಎಂಗವ್ನೆ, ಮಗ ಎಂಗವ್ನೆ. ಐದು ಕಾಗ್ದ ಬಂತು. ಆಮೇಲೆ ಇದ್ನ ಬರ್ದೆ. ನಿಲ್ತು."

"ಬದುಕಿರೋ ಹೆಂಡ್ತೀನ ದೇವರು ಮಾಡಿದ್ರಿ."

"ಓಡೋದ ಎಂಡ್ತಿ ಅಂದ್ರೆ ಜನ ನನ್ನ ನೋಡಿ ನಗ್ತಿದ್ರು. ದೇವ್ರಾದ್ಲು ಅಂದೆ, ಅವ್ರೇ ಬಂದು ನನ್ನ ಕಾಲಿಗೂ ಬಿದ್ರು." ಅವನು ನಕ್ಕ. ಹಲ್ಲುಗಳು ಇನ್ನೂ ಗಟ್ಟಿಯಾಗಿದ್ದವು. "ನೀನ್ ಪೊಲೀಸ್ನೋರನ್ನ ಕರ್ಕೊಂಡ್ ಬಾ. ಎಂಬತ್ತಾರು ನಂಗೆ. ಆಸ್ಪತ್ರೇಲಿ ಮಲಗಿಸ್ತಾರೆ, ಫ್ಯಾನ್ ಆಕ್ತಾರೆ. ಅದ್ಬಿಟ್ಟು ಏನ್ ಮಾಡಾರು?"

ಬೈರಣ್ಣನ ಕೈಯಿಂದ ಕತ್ತರಿ ಜಾರಿತ್ತು. ಅವನು ಅಪ್ಪನ ಪಾದವನ್ನು ಮಾತ್ರ ಇನ್ನೂ ಹಿಡಿದುಕೊಂಡಿದ್ದ, ಎಲ್ಲಿ ಇಡಬೇಕೆಂದು ತಿಳಿಯದವನ ಹಾಗೆ.

ಗೇಟು ಕಿರುಗುಟ್ಟಿತು. ರಕ್ಷಾ ಒಳಗೆ ಬಂದಿದ್ದಳು. ಬಿಂದುಶ್ರೀ ಕೈ ಎತ್ತಿ ತಡೆದದ್ದನ್ನು ಲೆಕ್ಕಿಸದೆ, ನೇರವಾಗಿ ಬಂದು ಬೈರಣ್ಣನ ಪಕ್ಕ ಮೊಣಕಾಲೂರಿದಳು.

"ಮಾಮಾ, ನಾ ನಿಮ್ಮ ತಂಗೀ ಮಗಳು. ಗದಗಿನ್ಯಾಕಿ. ಇದು ಆಯಿ. ನಿಮ್ಮವ್ವ."

ಬೈರಣ್ಣ ಕೈಯನ್ನು ಪಂಚೆಗೆ ಒರೆಸಿಕೊಂಡು ಫೋಟೊ ತೆಗೆದುಕೊಂಡ. ಬಿಳಿ ಕೂದಲಿನ ಹೆಂಗಸು, ಮೊಮ್ಮಗಳ ಪಕ್ಕ, ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಿ ನಗುತ್ತಿದ್ದಳು. ಎಡಕಿವಿಯ ಹಾಲೆ ಎರಡು ಸೀಳು.

"ಇದು ಯಾವಾಗಿಂದು?"

"ಎರಡು ವರ್ಷದ ಹಿಂದಿಂದ್ರಿ."

"ಎರಡು ವರ್ಸ," ಎಂದ ಬೈರಣ್ಣ. ಅವನು ಗುಡಿಯ ಗೋಡೆಯ ಮೇಲಿನ ಮದುವೆ ಫೋಟೊ ನೋಡಿದ, ಕೈಯಲ್ಲಿದ್ದುದನ್ನು ನೋಡಿದ. ಆಮೇಲೆ ಎಲ್ಲರಿಗಿಂತ ಸಣ್ಣ ಪ್ರಶ್ನೆ ಕೇಳಿದ. "ಅವ್ವಂಗೆ ಅವರೆಕಾಳು ಇಷ್ಟ ಅಲ್ವಾ? ಪ್ರತಿ ವರ್ಸ ಎಡೆ ಇಡ್ತೀನಿ. ಅಪ್ಪಯ್ಯ ಏಳಿದ್ದು, ಅವಳಿಗೆ ಅದೇ ಪ್ರಾಣ ಅಂತ."

ರಕ್ಷಾ ಬಿಂದುಶ್ರೀಯನ್ನು ನೋಡಿದಳು. ಸುಳ್ಳು ಹೇಳಬಹುದಿತ್ತು. ಅವಳಿಗೆ ಬರಲಿಲ್ಲ.

"ಆಯಿ ಅವರೀಕಾಳು ಮುಟ್ತಿದ್ದಿಲ್ರಿ. ವಾಸನಿಗೇ ಎದ್ದು ಹೊರಗ ಹೋಗ್ತಿದ್ಲು."

ಬಿಂದುಶ್ರೀ ಮುದುಕನ ಕಡೆ ತಿರುಗಿದಳು. ಹೆಂಡತಿಯದಲ್ಲದ ಇಷ್ಟವನ್ನು ಅವನು ಹೆಂಡತಿಯದೆಂದು ಹೇಳಿದ್ದ. ಹಾಗಾದರೆ ಅದು ಯಾರ ಇಷ್ಟ?

"ಹಸಿರು ಬಳೆ ಎರಡೂವರೆ ಅಳತೇದು," ಎಂದಳು. "ಬೈರಮ್ಮಂದು ಎರಡು ಕಾಲು. ನೀವು ಹೂತದ್ದು ಯಾರನ್ನ?"

ಅಶ್ವತ್ಥಪ್ಪ ಮೊದಲ ಬಾರಿಗೆ ಅವಳನ್ನು ಗಮನವಿಟ್ಟು ನೋಡಿದ.

"ಆ ಬಳೆಯೋಳು ಬದ್ಕವ್ಳಾ?" ಎಂದ. "ಕೈ ವಾಸಿ ಆಯ್ತಾ?"

ಬೈರಣ್ಣ ಎದ್ದು ನಿಂತ. ಫೋಟೊವನ್ನು ರಕ್ಷಾಳ ಕೈಗೆ ವಾಪಸು ಕೊಟ್ಟ, ಎರಡೂ ಕೈಯಿಂದ. ಹೋಗಿ ಹಾರೆ ಎತ್ತಿಕೊಂಡ. ಗುಂಡಿಯೊಳಕ್ಕೆ ಇಳಿದ.

"ಬೈರಣ್ಣ, ಬೇಡ!" ಬಿಂದುಶ್ರೀ ಓಡಿದಳು. "ಮುಟ್ಟಬೇಡಿ, ಪೊಲೀಸ್ನೋರು ತೆಗೀಬೇಕು. ಸಾಕ್ಷಿ ಹಾಳಾಗ್ತದೆ."

"ಐವತ್ತು ವರ್ಸ ನೀರ್ ಆಕಿದೀನಿ ಮೇಡಂ ಇದ್ಕೆ," ಎಂದ ಬೈರಣ್ಣ, ಗುಡಿಯ ಕೆಳಗಿನ ಮಣ್ಣಿನ ಗೋಡೆಗೆ ಹಾರೆ ಚುಚ್ಚುತ್ತ. "ಯಾರ್ಗೆ ಆಕಿದೀನಿ ಅಂತ ನೋಡ್ತೀನಿ."

ಅವಳು ತಡೆಯಬಹುದಿತ್ತು. ಕೂಗಿ ಜನ ಸೇರಿಸಬಹುದಿತ್ತು. ಆದರೆ ಸೋಮವಾರದ ಲಾರಿ ಅವಳ ತಲೆಯಲ್ಲಿತ್ತು. ಒಂದು ಮೂಳೆ ಹೊರಬಿದ್ದರೆ ಸಾಕು, ಯಾವ ಲಾರಿಯೂ ಒಳಗೆ ಬರುವಂತಿಲ್ಲ ಎಂಬ ಲೆಕ್ಕವಿತ್ತು. ಅವಳು ಸುಮ್ಮನೆ ನಿಂತಳು. ಆ ಸುಮ್ಮನಿರುವಿಕೆಗೆ ಎಷ್ಟು ತೆರಬೇಕಾಗುತ್ತದೆಂದು ಆಗ ಗೊತ್ತಿರಲಿಲ್ಲ.

ಅರ್ಧ ಗಂಟೆ ಹಿಡಿಯಿತು. ಮಣ್ಣು ಸಡಿಲವಾಗಿತ್ತು. ಮೊದಲು ಕಂಡದ್ದು ಹಸಿರು. ಗಾಜಿಗೆ ಮಣ್ಣು ಏನೂ ಮಾಡಿರಲಿಲ್ಲ. ತೋಳಿನ ಮೂಳೆಯ ಸುತ್ತ ಬಳೆಗಳು ಇನ್ನೂ ದುಂಡಗೆ ಉಳಿದಿದ್ದವು.

ಬೈರಣ್ಣ ಹಾರೆ ಪಕ್ಕಕ್ಕಿಟ್ಟು ಬೆರಳಿನಿಂದ ಮಣ್ಣು ಬಿಡಿಸಿದ. ಬಿಂದುಶ್ರೀ ಗುಂಡಿಗಿಳಿದು ಬಗ್ಗಿ ನೋಡಿದಳು. ಬಲಗೈ. ಹೆಬ್ಬೆರಳ ಬುಡದ ಮೂಳೆ ಓರೆಯಾಗಿ ಕೂಡಿ ಗಂಟು ಕಟ್ಟಿತ್ತು. ಅನೀಸಾ ಅಂದು ಬೆರಳಿನಲ್ಲಿ ಓದಿ, ಕಣ್ಣು ಹೋದ ಮೇಲೂ ನೆನಪಿಟ್ಟುಕೊಂಡದ್ದು ಅಕ್ಷರಶಃ ನಿಜವಾಗಿತ್ತು. ಅವಳು ಫೋನು ತೆಗೆದು ಫೋಟೊ ತೆಗೆಯತೊಡಗಿದಳು. ಒಳಗೆಲ್ಲೋ ಗೆದ್ದ ಸಂತೋಷವೂ ಇತ್ತು.

ಮೇಲಿನಿಂದ ಅಶ್ವತ್ಥಪ್ಪನ ದನಿ ಬಂತು.

"ನಿಲ್ಲಿಸ್ಬೇಡ. ಎಡಗಡೆ ಇನ್ನೊಂದ್ ಸ್ವಲ್ಪ ಬಿಡ್ಸು. ಚಿಕ್ಕದೊಂದೈತೆ."

ಗುಂಡಿಯಲ್ಲಿದ್ದ ಇಬ್ಬರೂ ತಲೆ ಎತ್ತಿದರು. ಅವನು ಕುರ್ಚಿಯಲ್ಲೇ ಕೂತಿದ್ದ. ಒಂದು ಕಾಲಿನ ಮೇಲೆ ಇನ್ನೊಂದು ಕಾಲು.

ಬೈರಣ್ಣ ಎಡಗಡೆ ಬಿಡಿಸಿದ. ಹೆಂಗಸಿನ ಪಕ್ಕೆಲುಬಿಗೆ ಒತ್ತಿಕೊಂಡ ಹಾಗೆ, ಅವನ ಒಂದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದೊಂದು ತಲೆಬುರುಡೆ. ಅದರ ಕೆಳಗೆ ಕಪ್ಪಾಗಿದ್ದ ಬೆಳ್ಳಿಯ ಉಡಿದಾರ.

"ಅದು ಬೈರಮ್ಮನ್ ಮಗ," ಎಂದ ಅಶ್ವತ್ಥಪ್ಪ. "ತಾಯಿ ಓದ್ಮೇಲೆ ಆಲು ಕುಡೀಲಿಲ್ಲ. ಮೂರ್ ದಿನ ಅತ್ತು ಅತ್ತು ನಿಲ್ಲಿಸ್ತು. ನಾನ್ ಕಾಗ್ದದಲ್ಲಿ ಸುಳ್ ಬರ್ದಿಲ್ಲ ಕಣಮ್ಮ."

ರಕ್ಷಾ ಗುಂಡಿಯ ಅಂಚಿನಲ್ಲಿ ನಿಂತಿದ್ದಳು. "ಮಾಮಾ," ಎಂದಳು. ಆ ಶಬ್ದ ಬಾಯಿಂದ ಹೊರಟ ಮೇಲೆ ಅವಳಿಗೇ ಅದರ ಅರ್ಥ ಹೊಳೆದಿರಬೇಕು. ಫೋಟೊ ಹಿಡಿದ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಬೈರಣ್ಣ ಬುರುಡೆಯನ್ನು ಎಲ್ಲಿತ್ತೋ ಅಲ್ಲಿಯೇ ಇಟ್ಟ. ತುಂಬ ಹೊತ್ತು ಇಡುತ್ತಲೇ ಇದ್ದ.

"ನಾನ್ಯಾರಪ್ಪಯ್ಯ?"

"ಮನೆಗೊಂದು ಗಂಡು ಬೇಕಿತ್ತು." ಮುದುಕನ ದನಿಯಲ್ಲಿ ಯಾವ ಆತುರವೂ ಇರಲಿಲ್ಲ. "ರೈಲ್ ಅಳಿಗೆ ಜಲ್ಲಿ ಒಡೆಯಾಕೆ ಒಂದ್ ಗುಂಪು ಬಂದಿತ್ತು. ಅದ್ರಲ್ಲಿ ಒಬ್ಳು ಇಲ್ಲಿಗ್ ಬತ್ತಿದ್ಲು, ನಾನ್ ಕರ್ದಾಗ. ಗುಂಪು ಮುಂದಕ್ಕೋಯ್ತು, ಇವ್ಳು ಉಳ್ಕೊಂಡ್ಲು. ಅವರೆಕಾಳು ಆಕಿದ್ರೆ ನಾಯಿ ಥರ ತಿನ್ನೋಳು. ಕಂಕುಳಲ್ಲಿ ನೀನಿದ್ದೆ. ನಿಮ್ದೇ ಅನ್ನೋಳು. ನಂದೋ ಇನ್ನೊಬ್ಬಂದೋ, ಯಾವೋನಿಗ್ ಗೊತ್ತು? ಗಂಡಾಗಿತ್ತು, ಸಾಕಾಯ್ತು."

"ಊರಿನವರಿಗೆ ಗೊತ್ತಾಗಲಿಲ್ವಾ?" ಬಿಂದುಶ್ರೀಯ ಬಾಯಿಂದ ತಾನಾಗಿ ಬಂತು.

"ಆರ್ ತಿಂಗ್ಳ ಮಗೀನ ಗುರ್ತು ಯಾರಿಗಿರ್ತದೆ, ತಾಯಿ ಬಿಟ್ಟು? ಅವ್ಳ್ನ ಬಾವಿಗ್ ಆಕ್ದೆ, ಒಂದೇ ದಿನ ಎಲ್ಡೂ ಸರಿಯೋಯ್ತು. ನಂಗೆ ಸತ್ತ ಎಂಡ್ತಿ ಸಿಕ್ಕಿದ್ಲು, ಬದ್ಕಿರೋ ಮಗ ಸಿಕ್ಕಿದ." ಅವನು ಮಡಿಲಿನಿಂದ ಅಂಚೆ ಕಾರ್ಡು ತೆಗೆದು ಎರಡು ಮಾಡಿ, ನಾಲ್ಕು ಮಾಡಿ ಗುಂಡಿಯ ಕಡೆ ಎಸೆದ. "ಮೇಲಕ್ ಬಾ ಈಗ. ಉಗ್ರು ಅರ್ಧಕ್ ಬಿಟ್ಟಿದೀಯ."

ಬೈರಣ್ಣ ಮೇಲೆ ಬಂದ. ಮಣ್ಣಾದ ಕೈಯನ್ನು ತೊಳೆಯಲಿಲ್ಲ. ಬಿಂದುಶ್ರೀಯೂ ಹತ್ತಿ ಬಂದು ನಂಬರು ಒತ್ತುತ್ತಿದ್ದಳು. ಅವನು ಅವಳ ಕೈಯಿಂದ ಫೋನನ್ನು ಮೆಲ್ಲಗೆ, ಮಗುವಿನ ಕೈಯಿಂದ ಚೂಪಾದದ್ದನ್ನು ಬಿಡಿಸಿಕೊಳ್ಳುವ ಹಾಗೆ ತೆಗೆದುಕೊಂಡು, ಗುಡಿಯ ಜಗಲಿಯ ಮೇಲಿಟ್ಟ.

"ಆಮೇಲ್ ಮಾಡುವ್ರಂತೆ ಮೇಡಂ."

ಹೋಗಿ ಗೇಟಿಗೆ ಒಳಗಿನಿಂದ ಬೀಗ ಹಾಕಿದ. ಕೀಲಿಯನ್ನು ಬಾವಿಗೆ ಎಸೆದ. ಅದು ನೀರು ಮುಟ್ಟಿದ ಶಬ್ದ ಬಹಳ ತಡವಾಗಿ ಕೇಳಿಸಿತು.

ಆಮೇಲೆ ಅಪ್ಪನ ಕಂಕುಳಿಗೆ ಒಂದು ಕೈ, ಮಂಡಿಯ ಕೆಳಗೆ ಇನ್ನೊಂದು ಕೈ ಕೊಟ್ಟು ಎತ್ತಿಕೊಂಡ. ದಿನವೂ ಸ್ನಾನಕ್ಕೆ ಎತ್ತಿಕೊಂಡು ಹೋಗುವವನು ಅವನೇ. ಅಭ್ಯಾಸವಾದ ಕೈ. ಅಶ್ವತ್ಥಪ್ಪ ಅರ್ಧ ದಾರಿಯವರೆಗೂ ಸ್ನಾನಕ್ಕೆ ಹೊರಟವನ ಹಾಗೆ ಒರಗಿದ್ದ. ಗುಂಡಿಯ ಅಂಚು ಬಂದಾಗ ಮಗನ ಅಂಗಿ ಹಿಡಿದುಕೊಂಡ.

ಬೈರಣ್ಣ ಅವನನ್ನು ಇಳಿಸಿ, ಹಸಿರು ಬಳೆಗಳ ಪಕ್ಕದಲ್ಲಿ, ಗೋಡೆಗೆ ಒರಗಿಸಿ ಕೂರಿಸಿದ. ಪಂಚೆ ಸರಿಮಾಡಿದ. ತಾನು ಮೇಲೆ ಹತ್ತಿ ಬಂದು ಸಲಿಕೆ ತೆಗೆದುಕೊಂಡ.

"ಅವಳ ಎಸ್ರು ಏಳು ಅಪ್ಪಯ್ಯ. ಏಳ್ಬುಟ್ರೆ ಎತ್ಕೊಂಡ್ ಬತ್ತೀನಿ. ನಮ್ಮವ್ವನ ಎಸ್ರು. ಅಷ್ಟೇ ಸಾಕು ನಂಗೆ."

"ಬೈರಣ್ಣ, ಸಲಿಕೆ ಕೆಳಗಿಡಿ," ಎಂದಳು ಬಿಂದುಶ್ರೀ. ಅವನು ಅವಳ ಕಡೆ ನೋಡಲೂ ಇಲ್ಲ. ಅಶ್ವತ್ಥಪ್ಪ ತಲೆ ಎತ್ತಿ ನೋಡಿದ. ಆಳೆತ್ತರದ ಗುಂಡಿಯಿಂದ ಅವನ ಮುಖ ಬಹಳ ಚಿಕ್ಕದಾಗಿ ಕಾಣುತ್ತಿತ್ತು. ಯಾವುದೋ ಒಂದು ಹೆಸರು, ಬಾಯಿಗೆ ಬಂದ ಯಾವ ಹೆಸರಾದರೂ ಹೇಳಿದ್ದರೆ ಸಾಕಿತ್ತು. ಅವನಿಗೂ ಅದು ಗೊತ್ತಿತ್ತು. ಬಿಂದುಶ್ರೀ ಅವನ ಕಣ್ಣಲ್ಲಿ ಅದನ್ನು ಕಂಡಳು.

"ಎಸ್ರಾ?" ಎಂದ ಮುದುಕ. ನಗು ಮತ್ತೆ ತುಟಿಗೆ ಬಂದಿತ್ತು. "ಏ ಅಂತ ಕರೀತಿದ್ದೆ. ಬತ್ತಿದ್ಲು. ಎಸ್ರು ಯಾರ್ ಕೇಳವ್ರೆ?"

ಮೊದಲ ಸಲಿಕೆ ಮಣ್ಣು ಅವನ ತೊಡೆಯ ಮೇಲೆ ಬಿತ್ತು.

ರಕ್ಷಾ ಚೀರಿದಳು. ಬಿಂದುಶ್ರೀಯೂ ಕೂಗಬೇಕೆಂದು ಬಾಯಿ ತೆರೆದಳು. ಸಲಿಕೆ ಮತ್ತೆ ಇಳಿದು, ಮತ್ತೆ ಎದ್ದಿತು. ಮಣ್ಣು ಮುದುಕನ ಎದೆಯವರೆಗೆ ಬಂದ ಮೇಲೆಯೇ ಅವಳು ಕೂಗಿದಳು.